ಮಗಳ ಮನೆಗೆ ಹದಿನಾರು ದಿನದ ದಾರಿ

ಮೊದಲ ದಿನ

ಮಾರ್ಚ್ 13, 2025. ಬೆಳಗಿನ ಜಾವ ಮೂರೂವರೆಗೆ ಹನುಮಪ್ಪನ ಗುಡಿ ಮುಂದೆ ಸೇರಿದೆವು. ಒಟ್ಟು ಇಪ್ಪತ್ತಮೂರು ಜನ. ಮಲ್ಲಯ್ಯನ ಹೆಸರಿನ ಪೂಜೆಯ ಕೋಲು, ಅಂದರೆ ಕಂಬಿ, ಹೊರುವ ಮುತ್ಯಾ ಮುಂದೆ, ಅವರ ಹಿಂದೆ ಗಂಡಸರು, ಕೊನೆಗೆ ನಾವು ಏಳು ಹೆಂಗಸರು. ಹೊದಿಕೆ, ಹಿಟ್ಟು, ಪಾತ್ರೆ ಎಲ್ಲ ಹೊತ್ತ ಒಂದು ಟಂಟಂ ಗಾಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಡಬ್ಬಿಗಳು ಅದರಲ್ಲೇ ಇದ್ದವು. ಹೋಳಿ ಹುಣ್ಣಿಮೆ ಮರುದಿನವೇ ಇತ್ತು. ಮಕ್ಕಳು ಆಗಲೇ ಹಲಗೆ ಹೊಡೆಯುವುದನ್ನು ಶುರು ಮಾಡಿದ್ದರು.

ನಮ್ಮದು ಬಾಗಲಕೋಟೆ ಜಿಲ್ಲೆ. ಪ್ರತಿ ವರ್ಷ ಯುಗಾದಿಗೆ ಮೊದಲು ನಮ್ಮ ಕಡೆಯ ಊರೂರುಗಳಿಂದ ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ನಾನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ನನ್ನ ಅತ್ತೆ ಇದುವರೆಗೆ ಹನ್ನೊಂದು ಸಲ ಹೋಗಿದ್ದಾರೆ. ನನಗೆ ಇದೇ ಮೊದಲು.

ನಾನು ಯಾಕೆ ಹೊರಟೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವುದು 519.60 ಮೀಟರ್ ಮಟ್ಟದವರೆಗೆ. ಅದನ್ನು 524.256 ಮೀಟರಿಗೆ ಏರಿಸಬೇಕು ಅನ್ನುವ ಮಾತು ಎಷ್ಟೋ ವರ್ಷಗಳಿಂದ ಇದೆ. ಈ ಎರಡು ಅಂಕಿಗಳ ನಡುವೆ ನಮ್ಮ ಐದು ಎಕರೆ ಹೊಲ ಇದೆ. ಮೂರು ಎಕರೆ ಕಬ್ಬು, ಎರಡು ಎಕರೆ ಬಿಳಿಜೋಳ. ಹೊಲ ಹೋಗುವುದು ಖಚಿತ ಅನ್ನುತ್ತಾರೆ. ಯಾವಾಗ ಅಂತ ಯಾರೂ ಹೇಳುವುದಿಲ್ಲ. ಬೋರ್ ಹಾಕಿಸೋಣವೆಂದರೆ ಮನಸ್ಸು ಹಿಂದೆ ಸರಿಯುತ್ತದೆ. ಮನೆಗೆ ಮಾಳಿಗೆ ಕಟ್ಟೋಣವೆಂದರೂ ಅಷ್ಟೇ. ಸಾಲ ಕೇಳಲು ಹೋದಲ್ಲಿ "ಮುಳುಗಡೆ ಜಮೀನಲ್ವಾ?" ಅಂದರು. ಧಾರವಾಡದಲ್ಲಿ ಓದುವ ಮಗಳು ಫೋನ್ ಮಾಡಿದಾಗಲೆಲ್ಲ "ಅವ್ವಾ, ಏನಾತು?" ಅಂತ ಕೇಳುತ್ತಾಳೆ. ಏನಾಯಿತು ಅಂತ ನನಗೂ ಗೊತ್ತಿರುವುದಿಲ್ಲ.

ಎರಡು ವರ್ಷದಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಶ್ರೀಶೈಲದ ಮಲ್ಲಿಕಾರ್ಜುನ, ನಮ್ಮ ಮಲ್ಲಯ್ಯನ ಮುಂದೆ ನಿಂತು ಒಂದು ಉತ್ತರ ಕೇಳಬೇಕು ಅಂತ ಹೊರಟೆ. ನನ್ನ ಗಂಟಿನಲ್ಲಿ ಎರಡು ಸೀರೆ ಇದ್ದವು, ಮನಸ್ಸಿನಲ್ಲಿ ಇದೊಂದೇ ಕೇಳಿಕೆ.

ಆ ದಿನ ಬಹಳ ನಡೆಯಲಿಲ್ಲ. ರಾತ್ರಿ ಒಂದು ಶಾಲೆಯ ಜಗಲಿಯಲ್ಲಿ ಮಲಗಿದೆವು.

ಎರಡನೇ ದಿನ

ಕೂಡಲಸಂಗಮ. ಕೃಷ್ಣೆಗೆ ಮಲಪ್ರಭೆ ಸೇರುವ ಜಾಗ. ಬಸವಣ್ಣನವರ ಐಕ್ಯಸ್ಥಳ ಇಲ್ಲಿಯೇ ಇದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಬಂದಾಗ ಐಕ್ಯಮಂಟಪ ಮುಳುಗಬಾರದು ಅಂತ ಅದರ ಸುತ್ತ ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಹೊರಗೆಲ್ಲ ನೀರು, ಒಳಗೆ ತಣ್ಣನೆಯ ನೆಲ.

ನಾನು ಕೆಳಗೆ ಬಹಳ ಹೊತ್ತು ನಿಂತೆ. ನಿಜ ಹೇಳಬೇಕೆಂದರೆ ಹೊಟ್ಟೆಯಲ್ಲಿ ಒಂದು ಸಂಕಟ. ಇಂಥ ಗೋಡೆ ನಮ್ಮ ಹಳೇ ಊರಿನ ಸುತ್ತ ಯಾರೂ ಕಟ್ಟಲಿಲ್ಲ. ಎಲ್ಲ ಊರುಗಳ ಸುತ್ತ ಕಟ್ಟಲು ಆಗುವುದೂ ಇಲ್ಲ, ಅದು ನನಗೂ ಗೊತ್ತು. ಆದರೂ ಸಂಕಟ ಸಂಕಟವೇ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 2003ರಲ್ಲಿ. ಆಗಲೇ ಹಳೇ ಊರು ನೀರಿಗೆ ಹೋಗಿತ್ತು. ಮದುವೆಯಾಗಿ ಬಂದದ್ದು ಪುನರ್ವಸತಿ ಕೇಂದ್ರದ ಮನೆಗೆ. ಹಳೇ ಮನೆಯ ಬಾಗಿಲು, ಎರಡು ಕಂಬ, ಒಂದು ಬೀಸುವ ಕಲ್ಲು ಮಾತ್ರ ಜೊತೆಗೆ ಬಂದಿದ್ದವು. ಅತ್ತೆ ಆ ಮನೆಯ ಮಾತು ತೆಗೆದರೆ ಕಣ್ಣಲ್ಲಿ ನೀರು ತರುವುದಿಲ್ಲ. ಯಾವ ಮೂಲೆಯಲ್ಲಿ ಏನಿತ್ತು ಅಂತ ಮಾತ್ರ ಹೇಳುತ್ತಾರೆ. ಉಪ್ಪಿನಕಾಯಿ ಭರಣಿ ಎಲ್ಲಿ, ಆಕಳು ಕಟ್ಟುವ ಗೂಟ ಎಲ್ಲಿ. ನಿನ್ನೆ ಬಿಟ್ಟು ಬಂದ ಮನೆಯ ಹಾಗೆ.

ಮೂರನೇ ದಿನ

ಹುನಗುಂದ ದಾಟುವಾಗ ದಾರಿಯ ಮಕ್ಕಳು ಬಣ್ಣ ಎರಚಿ ಓಡಿದರು. ನನ್ನ ಹಸಿರು ಸೀರೆಯ ತುಂಬ ಗುಲಾಲು. ಇಳಕಲ್ ತಲುಪಿದಾಗ ಸಂಜೆಯಾಗಿತ್ತು. ಕಾಲು ಆಗಲೇ ಮಾತಾಡುತ್ತಿದ್ದವು. ಕೂತರೆ ಸಾಕು ಅನ್ನಿಸಿತ್ತು. ಆದರೆ ಅತ್ತೆ ಸೀದಾ ಸೀರೆ ಅಂಗಡಿಗೆ ಹೊರಟರು.

ನಮ್ಮ ಕಡೆಯವರ ನಂಬಿಕೆಯಲ್ಲಿ ಶ್ರೀಶೈಲದ ಭ್ರಮರಾಂಬೆ ನಮ್ಮ ಮನೆಮಗಳು. ಕನ್ನಡ ನಾಡಿನ ಮಗಳು. ಮಲ್ಲಯ್ಯ ಅಳಿಯ. ಯುಗಾದಿಗೆ ಹೋಗುವುದೆಂದರೆ ಮಗಳ ಮನೆಗೆ ಹಬ್ಬಕ್ಕೆ ಹೋದ ಹಾಗೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಸೀರೆ, ಖಣ, ಬಳೆ, ಅರಿಷಿಣ ಕುಂಕುಮ, ಉಡಿ ಸಾಮಾನು ಒಯ್ಯಬೇಕು.

ಅಂಗಡಿಯಲ್ಲಿ ಅತ್ತೆ ಒಂದು ತಾಸು ತೆಗೆದುಕೊಂಡರು. ಟೋಪ ತೆನಿ ಸೆರಗಿನ ಸೀರೆಗಳನ್ನು ಒಂದೊಂದಾಗಿ ಬಿಡಿಸಿ, ಬೆಳಕಿಗೆ ಹಿಡಿದು, ದಡಿಯನ್ನು ಬೆರಳಿನಿಂದ ತಿಕ್ಕಿ ನೋಡಿದರು. ಕೊನೆಗೆ ದಾಳಿಂಬೆ ಕೆಂಪಿನದು ಆರಿಸಿದರು. ಖಣ ಗುಳೇದಗುಡ್ಡದ್ದು, ಮನೆಯಿಂದಲೇ ತಂದಿದ್ದರು. ಸೀರೆಗೆ ಕೊಟ್ಟ ರೊಕ್ಕ ನೋಡಿ ನಾನು ಸುಮ್ಮನಾದೆ. ನಾಳೆ ಏನೋ ಎಂತೋ ಅನ್ನುವ ಈ ಕಾಲದಲ್ಲಿ ಅಷ್ಟು ಖರ್ಚು ಬೇಕಾಗಿತ್ತೇ ಅಂತ ಒಳಗೇ ಅನ್ನಿಸಿತು. ಮುಖದಲ್ಲಿ ಕಂಡಿರಬೇಕು.

"ಮಗಳಿಗೆ ಒಯ್ಯೋ ಸೀರಿಗೆ ರೊಕ್ಕ ಎಣಸಬಾರದವ್ವ," ಅಂದರು ಅತ್ತೆ.

ನಾಲ್ಕು, ಐದು

ಮುದಗಲ್, ಮಸ್ಕಿ. ಕೋಟೆಯನ್ನು ದೂರದಿಂದ ನೋಡಿದ್ದಷ್ಟೇ. ಮಸ್ಕಿಯಲ್ಲಿ ಅಶೋಕನ ಹೆಸರು ಬರೆದ ಶಾಸನ ಇದೆ. ಶಾಲೆಯಲ್ಲಿ ಓದಿದ್ದು ನೆನಪಾಯಿತು. ಆದರೆ ಹತ್ತಿ ನೋಡುವ ಶಕ್ತಿ ಯಾರ ಕಾಲಲ್ಲೂ ಇರಲಿಲ್ಲ. ಈ ಎರಡು ದಿನದಲ್ಲಿ ನನಗೆ ನೆನಪಿರುವುದು ಬಿಸಿಲು, ಮತ್ತು ಬಿಸಿನೀರಿನ ಒಂದು ಬೋಗುಣಿ. ಮಸ್ಕಿಯ ಹತ್ತಿರ ಗುರುತಿಲ್ಲದ ಒಬ್ಬ ಹೆಂಗಸು ಅಗಲ ಬೋಗುಣಿಯಲ್ಲಿ ಬಿಸಿನೀರು, ಉಪ್ಪು ಹಾಕಿ ಇಟ್ಟಿದ್ದರು. ನಡೆದು ಬಂದವರೆಲ್ಲ ಒಬ್ಬೊಬ್ಬರಾಗಿ ಕಾಲಿಟ್ಟು ಕೂರಬೇಕು. ನನ್ನ ಕಾಲನ್ನು ಅವರೇ ಹಿಡಿದು ತೊಳೆದರು. "ಬ್ಯಾಡ್ರೀ ಅಕ್ಕಾ" ಅಂದರೂ ಕೇಳಲಿಲ್ಲ.

ನನ್ನ ಕಾಲು ಬೇರೆಯವರು ಮುಟ್ಟಿ ತೊಳೆದದ್ದು ಮದುವೆಯ ದಿನ ಬಿಟ್ಟರೆ ಅಂದೇ.

ಆರನೇ ದಿನ

ಸಿಂಧನೂರು. ಕಪ್ಪು ಎರೆಹೊಲ ನೋಡಿ ನೋಡಿ ಬಂದ ಕಣ್ಣಿಗೆ ಇದ್ದಕ್ಕಿದ್ದಂತೆ ಭತ್ತದ ಗದ್ದೆ. ಎಲ್ಲಿ ನೋಡಿದರೂ ಹಸಿರು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು.

ಕಾಲುವೆಯ ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ನೀರಿನ ಸದ್ದು, ತಂಪು ಗಾಳಿ. ಆ ಅಣೆಕಟ್ಟು ಕಟ್ಟುವಾಗಲೂ ಊರುಗಳು ಮುಳುಗಿದ್ದವು. ಆ ಊರಿನ ಯಾವುದೋ ಹೆಂಗಸು ಬೀಸುವ ಕಲ್ಲು ಹೊತ್ತು ಗಾಡಿ ಹತ್ತಿರಬೇಕು. ಅವಳ ನೀರು ಇಲ್ಲಿ ಭತ್ತವಾಗಿದೆ. ಇದನ್ನು ಯೋಚಿಸಿದರೆ ಸಮಾಧಾನ ಆಗಬೇಕು ಅನ್ನುತ್ತಾರೆ ಕೆಲವರು. ನನಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆದರೆ ಆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರನ್ನು ನೋಡಿ ಸಿಟ್ಟೂ ಬರಲಿಲ್ಲ. ಒಬ್ಬಳು ಕೈ ಎತ್ತಿ "ನಮ್ಮದೂ ಒಂದು ನಮಸ್ಕಾರ ಹೇಳ್ರಿ ಮಲ್ಲಯ್ಯಗ" ಅಂದಳು. ಅತ್ತೆ ಸೆರಗಿನ ಚುಂಗಿಗೆ ಒಂದು ಗಂಟು ಹಾಕಿದರು, ಮರೆಯಬಾರದು ಅಂತ.

ಏಳನೇ ದಿನ

ಢಡೇಸೂಗೂರಿನ ಸೇತುವೆ ಮೇಲೆ ತುಂಗಭದ್ರೆ ದಾಟಿ ಸಿರುಗುಪ್ಪ. ಅತ್ತೆಯ ಸೆರಗಿನಲ್ಲಿ ಆಗಲೇ ನಾಲ್ಕು ಗಂಟು.

ಎಂಟನೇ ದಿನ

ಆದವಾನಿಯ ಕಡೆ ಹೊರಟ ದಿನ. ಈ ದಿನವನ್ನು ನಾನು ಮರೆಯುವುದಿಲ್ಲ.

ಮಧ್ಯಾಹ್ನ ನಮ್ಮ ಗಾಡಿ ಹಿಂದೆ ಕೆಟ್ಟು ನಿಂತಿತು. ರಿಪೇರಿಗೆ ಸಾಮಾನು ಸಿಗಬೇಕು, ನಾಳೆಯೇ ಬರುತ್ತೇನೆ ಅಂದ ಡ್ರೈವರ್ ಹುಡುಗ. ನಮ್ಮ ಹೊದಿಕೆ, ಹಿಟ್ಟು, ಎಣ್ಣೆ, ಔಷಧಿ ಎಲ್ಲ ಅದರಲ್ಲಿ. ನಮ್ಮ ಹತ್ತಿರ ಇದ್ದದ್ದು ನೀರಿನ ಬಾಟಲಿ ಮತ್ತು ಅತ್ತೆ ಎದೆಗೆ ಅವಚಿಕೊಂಡ ಸೀರೆಯ ಗಂಟು.

ಕತ್ತಲಾಯಿತು. ಆಂಧ್ರದ ಯಾವುದೋ ಸಣ್ಣ ಊರು. ಗುಡಿ ಕಟ್ಟೆಯ ಮೇಲೆ ಕೂತೆವು. ನನಗೆ ಅಳು ಬಂತು. ಇಷ್ಟು ಚಿಕ್ಕ ವಿಷಯಕ್ಕೆ ಅಳುವುದೇ ಅಂತ ಅನ್ನಿಸಬಹುದು. ಅದು ಗಾಡಿಗಾಗಿ ಬಂದ ಅಳು ಆಗಿರಲಿಲ್ಲ. ಎರಡು ವರ್ಷದ್ದು ಅಂದು ಹೊರಗೆ ಬಂತು. "ಎಲ್ಲಾನೂ ಹಿಂಗ ಆಗಾಕತ್ತೈತಿ ಅತ್ತಿ. ರಾತ್ರಿ ಎಲ್ಲಿ ಮಲಗೋದು ಗೊತ್ತಿಲ್ಲ, ಊಟ ಗೊತ್ತಿಲ್ಲ, ಹೊಲ ಗೊತ್ತಿಲ್ಲ. ಅವತ್ತ ನಿಮ್ಮ ಮನಿ ಉಳಸಲಿಲ್ಲ ಮಲ್ಲಯ್ಯ. ಆದ್ರೂ ನೀವು ಬರ್ತೀರಿ. ಹೆಂಗ ಬರ್ತೀರಿ?" ಅಂತ ಕೇಳಿಬಿಟ್ಟೆ.

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಮನಿ ಉಳಸ್ತೀನಿ ಅಂತ ಅವ ನನಗ ಯಾವಾಗ ಹೇಳಿದ್ದನವ್ವ?" ಅಂದರು. "ಮನಿ ಮುಳುಗಿದ ವರ್ಷಾನೂ ಬಂದಿದ್ದೆ. ಆ ವರ್ಷ ಸೀರಿ ತರಾಕ ಆಗಿರಲಿಲ್ಲ. ಖಣ ಅಷ್ಟ ತಂದಿದ್ದೆ. ಆಕೀ ಮುಂದ ಇಟ್ಟು, ಈ ಸಲ ಇಷ್ಟ ಮಗಳ, ತವರುಮನಿ ನೀರಾಗ ಹೋತು ಅಂದೆ. ಬಾಳ ಅತ್ತೆ. ಅತ್ತು ಊರಿಗೆ ಬಂದೆ. ಬಂದ ಮ್ಯಾಲ ಒಲಿ ಹೂಡಬೇಕಲ್ಲ, ಹೂಡಿದೆ."

ಅಷ್ಟರಲ್ಲಿ ಇಬ್ಬರು ಹೆಂಗಸರು ಚಾಪೆ, ಗೋಣಿಚೀಲ ಹೊತ್ತು ಬಂದರು. ಅವರ ಹಿಂದೆ ನಾಲ್ಕೈದು ಜನ. ತೆಲುಗು ನನಗೆ ಬರುವುದಿಲ್ಲ. ಜೊನ್ನ ರೊಟ್ಟೆ ಅಂದರು. ನೋಡಿದರೆ ನಮ್ಮ ಜೋಳದ ರೊಟ್ಟಿಯೇ. ಬದನೆಕಾಯಿ ಪಲ್ಯ, ಮಜ್ಜಿಗೆ. ಇಪ್ಪತ್ತಮೂರು ಜನರಿಗೆ ಅರ್ಧ ತಾಸಿನಲ್ಲಿ ಅಷ್ಟು ರೊಟ್ಟಿ ಎಲ್ಲಿಂದ ಬಂತು? ಮನೆಮನೆಗೆ ಹೋಗಿ ಎರಡೆರಡು ಎತ್ತಿಕೊಂಡು ಬಂದಿದ್ದರು. ಕೆಲವು ಬಿಸಿ, ಕೆಲವು ತಂಗಳು. ನನ್ನ ಕೈಗೆ ಬಂದದ್ದರ ಅಂಚು ಸ್ವಲ್ಪ ಸುಟ್ಟಿತ್ತು. ಅದರ ರುಚಿ ಈಗಲೂ ಬಾಯಲ್ಲಿದೆ.

ಆ ರಾತ್ರಿ ಗೋಣಿಚೀಲದ ಮೇಲೆ ನನಗೆ ಗಾಢ ನಿದ್ದೆ ಬಂತು. ಎಷ್ಟೋ ತಿಂಗಳ ನಂತರ.

ಒಂಬತ್ತು

ಗಾಡಿ ಬಂದು ಸೇರಿತು. ಆದವಾನಿ ಪೇಟೆಯಲ್ಲಿ ಒಬ್ಬ ಸಾಬರು ಕಲ್ಲಂಗಡಿ ಹಣ್ಣು ಕೊಯ್ದು ನಮಗೆಲ್ಲ ಹಂಚಿದರು. ರೊಕ್ಕ ಮುಟ್ಟಲಿಲ್ಲ. "ನಮ್ಮ ಹೆಸರೂ ಹೇಳ್ರಿ" ಅಂದರು, ಚೆಂದ ಕನ್ನಡದಲ್ಲಿ. ಅತ್ತೆ ಇನ್ನೊಂದು ಗಂಟು ಹಾಕಿದರು.

ಹತ್ತನೇ ದಿನ

ಎಮ್ಮಿಗನೂರು ದಾಟುವ ಮೊದಲೇ ನನ್ನ ಬಲಗಾಲಿನ ಬೊಬ್ಬೆ ಒಡೆಯಿತು. ಎಡಗಾಲಿನಲ್ಲಿ ಎರಡು ಹೊಸ ಬೊಬ್ಬೆ. ಮೈ ಬಿಸಿ. ಊರಿಗೆ ಫೋನ್ ಮಾಡಿದೆ. ನಮ್ಮ ಮನೆಯವರು "ಬಸ್ ಹತ್ತಿ ಬಂದುಬಿಡು, ಯಾರೂ ಏನೂ ಅನ್ನೋದಿಲ್ಲ" ಅಂದರು. ಅತ್ತೆಯೂ ತಡೆಯಲಿಲ್ಲ. "ಹತ್ತು. ಮಲ್ಲಯ್ಯ ಸಿಟ್ಟಾಗೋದಿಲ್ಲ. ಆದ್ರ ಈಗ ಬ್ಯಾಡ. ಮುಂಜಾನೆ ಎದ್ದು ನೋಡೋಣು."

ಸೂಜಿಗೆ ದಾರ ಪೋಣಿಸಿ, ದೀಪಕ್ಕೆ ಹಿಡಿದು, ಬೊಬ್ಬೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದು ನೀರು ಇಳಿಸಿದರು. ಹರಳೆಣ್ಣೆ ಹಚ್ಚಿದರು. ಆಗ ನಮ್ಮ ಪಕ್ಕದಲ್ಲೇ ವಿಜಯಪುರ ಕಡೆಯ ಒಬ್ಬ ಹುಡುಗ ಬಂದು ಕೂತ. ಮರಗಾಲು, ಅಂದರೆ ಎರಡೂ ಕಾಲಿಗೆ ಎತ್ತರದ ಮರದ ಕೋಲು, ಕಟ್ಟಿಕೊಂಡು ನಡೆಯುವವ. ಕೂರಲು ಅವನಿಗೆ ಎತ್ತರದ ಕಟ್ಟೆಯೇ ಬೇಕು. ಬಿಚ್ಚಿದಾಗ ಮೊಣಕಾಲ ಕೆಳಗೆ ಚರ್ಮವೆಲ್ಲ ಕೆಂಪಗಾಗಿತ್ತು. "ಯಾಕಪ್ಪಾ ಹಿಂಗ?" ಅಂದೆ. ತಂಗಿಗೆ ಆಪರೇಷನ್ ಆಗಿತ್ತಂತೆ, ಹರಕೆ ಹೊತ್ತಿದ್ದನಂತೆ. "ತಂಗಿ ಉಳದ್ಲಾ?" ಅಂತ ಕೇಳಿದೆ. ಅವನು ತಲೆ ಅಲ್ಲಾಡಿಸಿದ. ಇಲ್ಲ ಅಂತ.

ನನಗೆ ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ. ಅವನೇ ಹೇಳಿದ. "ಬರ್ತೀನಿ ಅಂದಿದ್ನಲ್ರೀ ಅಕ್ಕಾ. ಅದಕ್ಕ ಹೊಂಟೀನಿ."

ಮುಂಜಾನೆ ಮೂರಕ್ಕೆ ಎದ್ದೆ. ಕಾಲು ಊರಿದೆ. ನೋವಿತ್ತು, ಆದರೆ ಊರಲು ಬಂತು. ನಡೆದೆ. ಅಷ್ಟೇ. ಆಮೇಲಿನ ಎಲ್ಲ ದಿನವೂ ಹಾಗೆಯೇ ಮಾಡಿದೆ. ರಾತ್ರಿ ಏನನ್ನೂ ತೀರ್ಮಾನ ಮಾಡುತ್ತಿರಲಿಲ್ಲ. ಮುಂಜಾನೆ ಎದ್ದು ಕಾಲು ಊರಿ ನೋಡುತ್ತಿದ್ದೆ.

ಹನ್ನೊಂದು, ಹನ್ನೆರಡು

ಕೋಡುಮೂರು, ಕರ್ನೂಲು. ಬರೀ ಡಾಂಬರು ರಸ್ತೆ, ಲಾರಿ, ಧೂಳು.

ಹದಿಮೂರನೇ ದಿನ

ನಂದಿಕೊಟ್ಕೂರಿನ ಹತ್ತಿರ ಮಧ್ಯಾಹ್ನ ಬೇವಿನ ಮರದ ನೆರಳಲ್ಲಿ ಮಲಗಿದ್ದಾಗ ಒಬ್ಬ ವಯಸ್ಸಾದವರು ಮಜ್ಜಿಗೆ ತಂದರು. ಕನ್ನಡ ಬಲ್ಲವರು. ನಾವು ಎಲ್ಲಿಯವರು ಅಂತ ಕೇಳಿದರು. ಆಲಮಟ್ಟಿ ಹಿನ್ನೀರಿನ ಕಡೆಯವರು ಅಂದ ಕೂಡಲೇ ಕೂತುಬಿಟ್ಟರು. ಅವರೂ ಮುಳುಗಡೆಯ ಜನ. ಶ್ರೀಶೈಲ ಅಣೆಕಟ್ಟು ತುಂಬಿದಾಗ, ಎಂಬತ್ತರ ದಶಕದ ಶುರುವಿನಲ್ಲಿ, ಈ ಭಾಗದ ಎಷ್ಟೋ ಊರುಗಳು ಕೃಷ್ಣೆಯ ಪಾಲಾದವು. ಅವರ ಊರೂ ಅದರಲ್ಲೊಂದು.

ಅವರು ಸಂಗಮೇಶ್ವರದ ಮಾತು ಹೇಳಿದರು. ಅಲ್ಲಿಂದ ಹೆಚ್ಚು ದೂರವೇನಿಲ್ಲ. ಏಳು ನದಿ ಸೇರುವ ಜಾಗ ಅನ್ನುತ್ತಾರೆ. ಅಲ್ಲಿಯ ಗುಡಿಯಲ್ಲಿ ಲಿಂಗ ಬೇವಿನ ಮರದ್ದು. ವರ್ಷದ ಹೆಚ್ಚು ತಿಂಗಳು ಗುಡಿ ನೀರಿನ ಕೆಳಗೆ ಇರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೊದಲು ಶಿಖರ ಕಾಣುತ್ತದೆ, ಆಮೇಲೆ ಗೋಡೆ, ಕೊನೆಗೆ ಬಾಗಿಲು. ಕೆಸರು ತೆಗೆದು, ತೊಳೆದು, ಪೂಜೆ ಶುರು ಮಾಡುತ್ತಾರೆ. ಮಳೆಗಾಲಕ್ಕೆ ಹೊಳೆ ಬಂದಾಗ ಕೊನೆಯ ಪೂಜೆ ಮಾಡಿ ಮೇಲೆ ಬರುತ್ತಾರೆ.

"ಮರದ ಲಿಂಗ ಕೊಳೆಯಂಗಿಲ್ಲೇನ್ರಿ?" ಅಂತ ಅತ್ತೆ ಕೇಳಿದರು.

"ಇಲ್ಲ ತಾಯಿ. ಇನ್ನೂ ಐತಿ."

ಅತ್ತೆ ಅಷ್ಟಕ್ಕೇ ಕೈ ಮುಗಿದರು. ಆಮೇಲೆ ಇಬ್ಬರೂ ತಮ್ಮ ತಮ್ಮ ಹಳೇ ಊರಿನ ಮಾತಿಗೆ ಇಳಿದರು. ಯಾವ ಮರ ಎಲ್ಲಿತ್ತು, ಬಾವಿ ಎಷ್ಟು ಆಳ ಇತ್ತು. ಅವರ ಬಾವಿಯಲ್ಲಿ ಹನ್ನೆರಡು ಮೆಟ್ಟಿಲು, ನಮ್ಮದರಲ್ಲಿ ಇಪ್ಪತ್ತಂತೆ. ನಾನು ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದೆ. ಹಿಂದೆಂದೂ ನೋಡದ ಇಬ್ಬರು, ಈಗ ಇಲ್ಲದ ಎರಡು ಊರು, ನಡುವೆ ಒಂದೇ ಹೊಳೆ.

ಹದಿನಾಲ್ಕನೇ ದಿನ

ಆತ್ಮಕೂರು, ಅಲ್ಲಿಂದ ವೆಂಕಟಾಪುರ. ಇಲ್ಲಿಂದ ಮುಂದೆ ನಲ್ಲಮಲ ಕಾಡು. ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ದೇಶದಲ್ಲಿಯೇ ದೊಡ್ಡದು. ಶಿವರಾತ್ರಿ, ಯುಗಾದಿ ಹೊತ್ತಿಗೆ ಮಾತ್ರ ಈ ಕಾಲುದಾರಿಯಲ್ಲಿ ಭಕ್ತರನ್ನು ಬಿಡುತ್ತಾರೆ. ನಮ್ಮ ಗಾಡಿಗೆ ಪ್ರವೇಶ ಇಲ್ಲ. ಅದು ಡೋರ್ನಾಳದ ಮೇಲೆ ಸುತ್ತಿ ಹೋಗಬೇಕು. ಒಂದು ಹೊದಿಕೆ, ಎರಡು ದಿನದ ರೊಟ್ಟಿ, ನೀರು ಮಾತ್ರ ಬೆನ್ನಿಗೆ. ಅತ್ತೆಗೆ ಜೊತೆಗೆ ಸೀರೆಯ ಗಂಟು.

ಹದಿನೈದನೇ ದಿನ

ನಾಗಲೂಟಿಯಲ್ಲಿ ವೀರಭದ್ರನ ಗುಡಿ. ಅಲ್ಲಿಂದ ಹಳೇ ಕಲ್ಲಿನ ಮೆಟ್ಟಿಲು. ಏರುತ್ತಾ ಏರುತ್ತಾ ಎದೆ ಹೊಡೆದುಕೊಳ್ಳುತ್ತದೆ. ಒಣಗಿದ ಎಲೆ, ಬಿದಿರು, ಎಲ್ಲೂ ನೀರಿಲ್ಲ. ಮುಂದಿನ ತಿರುವಿನ ಆಚೆ ಏನಿದೆ ಅಂತ ಕಾಣುವುದಿಲ್ಲ. ಮುಂದಿನವರ ಬೆನ್ನು ಅಷ್ಟೇ ಕಾಣುತ್ತದೆ. ಒಬ್ಬರು "ಮಲ್ಲಯ್ಯಾ" ಅಂತ ಕೂಗಿದರೆ ಹಿಂದಿನಿಂದ, ಮುಂದಿನಿಂದ, ಮರಗಳ ಒಳಗಿನಿಂದ "ಮಲ್ಲಯ್ಯಾ" ಅಂತ ಕೇಳುತ್ತದೆ. ಹಾಗೆ ಕೂಗಿ ಕೂಗಿಯೇ ದಾರಿ ತಪ್ಪಿಲ್ಲ ಅಂತ ತಿಳಿದುಕೊಳ್ಳುವುದು.

ರಾತ್ರಿ ಪೆಚ್ಚೆರುವು. ಚೆಂಚು ಬುಡಕಟ್ಟಿನ ಜನರ ಹಾಡಿ. ನಮ್ಮ ಕಡೆಯ ದಾನಿಗಳೇ ಅಲ್ಲಿಯೂ ದಾಸೋಹ ಇಟ್ಟಿದ್ದರು. ಅನ್ನ, ಸಾರು. ಊಟ ಆದ ಮೇಲೆ ಕಂಬಿ ಮುತ್ಯಾ ಸಿದ್ಧರಾಮನ ಕಥೆ ಹೇಳಿದರು. ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿದ ಕಥೆ. ಆದರೆ ಅದೇ ಕಾಡಿನಲ್ಲಿ ಕತ್ತಲಲ್ಲಿ ಕೂತು ಕೇಳುವುದು ಬೇರೆ.

ಸೊನ್ನಲಿಗೆಯ ಹುಡುಗ. ದನ ಕಾಯುವವ. ಒಂದು ದಿನ ಹೊಲಕ್ಕೆ ಒಬ್ಬ ಜಂಗಮ ಬಂದ. ಹೆಸರು ಮಲ್ಲಯ್ಯ, ಊರು ಶ್ರೀಶೈಲ ಅಂದ. ಹಸಿವು ಅಂದ. ಹುಡುಗ ಎಳೆಯ ತೆನೆ ಸುಟ್ಟು ಕೊಟ್ಟ. ಮಜ್ಜಿಗೆ ಅನ್ನ ಬೇಕು ಅಂದ. ಹುಡುಗ ಮನೆಗೆ ಓಡಿದ. ತಂದು ನೋಡಿದರೆ ಜಂಗಮ ಇಲ್ಲ. "ಮಲ್ಲಯ್ಯಾ" ಅಂತ ಅಳುತ್ತಾ ಹುಡುಗ ಶ್ರೀಶೈಲದ ದಾರಿ ಹಿಡಿದ. ಗುಡಿಯಲ್ಲಿ ಲಿಂಗ ತೋರಿಸಿ ಇವನೇ ಮಲ್ಲಯ್ಯ ಅಂದರು. ಇದು ಕಲ್ಲು, ನನ್ನ ಮಲ್ಲಯ್ಯ ಮಾತಾಡುತ್ತಾನೆ ಅಂದ ಹುಡುಗ. ಬೆಟ್ಟವೆಲ್ಲ ಹುಡುಕಿದ. ಎಲ್ಲೂ ಸಿಗಲಿಲ್ಲ. ಕೊನೆಗೆ ಆಳವಾದ ಕೊಳ್ಳದ ಅಂಚಿಗೆ ಬಂದು ಹಾರಿದ. ಆಗ ಒಂದು ಕೈ ಬಂದು ಹಿಡಿಯಿತು.

ಮುತ್ಯಾ ಅಲ್ಲಿಗೆ ನಿಲ್ಲಿಸಿದರು. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಅತ್ತೆ ಬಿಡಲಿಲ್ಲ. "ಮುಂದ ಹೇಳು ಕಾಕಾ. ಮಲ್ಲಯ್ಯ ಅವನ್ನ ಇಲ್ಲೇ ಇಟಗೊಳ್ಳಲಿಲ್ಲ. ಊರಿಗೆ ಹೋಗು, ಕೆರಿ ಕಟ್ಟು ಅಂದ."

ಅದೂ ನಿಜ. ಸಿದ್ಧರಾಮ ಸೊನ್ನಲಿಗೆಗೆ, ಅಂದರೆ ಈಗಿನ ಸೊಲ್ಲಾಪುರಕ್ಕೆ ಮರಳಿ ಕೆರೆ ಕಟ್ಟಿಸಿದರು. ನಾನು ಆ ಕಥೆಯಲ್ಲಿ ಕೈ ಹಿಡಿದದ್ದನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಅತ್ತೆ ಕೆರೆಯನ್ನು ನೆನಪಿಟ್ಟುಕೊಂಡಿದ್ದರು.

ಹದಿನಾರನೇ ದಿನ

ಭೀಮನ ಕೊಳ್ಳ. ದಾರಿಯಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ. ಕಡಿದಾದ ಮೆಟ್ಟಿಲಲ್ಲಿ ಕೊಳ್ಳದ ತಳಕ್ಕೆ ಇಳಿಯಬೇಕು, ಮತ್ತೆ ಅಷ್ಟೇ ಕಡಿದಾಗಿ ಆಚೆ ಏರಬೇಕು. ಇಳಿಯುವಾಗ ಮೊಣಕಾಲು ನಡುಗುತ್ತವೆ, ಏರುವಾಗ ಉಸಿರು ಸಿಗುವುದಿಲ್ಲ. ಅರವತ್ತೆಂಟು ವರ್ಷದ ಅತ್ತೆ ಪ್ರತಿ ಹತ್ತು ಮೆಟ್ಟಿಲಿಗೆ ಕೂರುತ್ತಿದ್ದರು. ನಾನು ಅವರ ಗಂಟು ತೆಗೆದುಕೊಳ್ಳಲು ಹೋದೆ. ಕೊಡಲಿಲ್ಲ.

ಅರ್ಧ ಏರಿದ ಮೇಲೆ ಒಂದು ಬಂಡೆಗೆ ಒರಗಿ ಕೂತೆವು. ಅಲ್ಲಿ ಕೇಳಿದೆ. "ಅತ್ತಿ, ನೀವು ಮಲ್ಲಯ್ಯಗ ಏನ್ ಬೇಡ್ಕೊಂಡೀರಿ? ಹೊಲದ ಮಾತು ಕೇಳ್ತೀರಿಲ್ಲೋ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗದ ಹಾಗೆ ನೋಡಿದರು.

"ಬೇಡೋದೇನೈತಿ? ಮಗಳ ಮನೀಗೆ ಹೊಂಟೀವಿ. ಮಗಳ ಮನೀಗೆ ಹೋಗಿ ಯಾರರೆ ಬೇಡ್ತಾರೇನವ್ವ? ಉಡಿ ತುಂಬಿ ಬರ್ತಾರ."

ನಾನು ಸುಮ್ನೆ ಕೂತೆ. ಹದಿನಾರು ದಿನ ಹೊತ್ತು ತಂದ ನನ್ನ ಕೇಳಿಕೆ ಅಲ್ಲೇ ಕೈಯಿಂದ ಜಾರಿತು. ಅದು ತಪ್ಪು ಅಂತ ಅಲ್ಲ. ಕಷ್ಟದಲ್ಲಿ ದೇವರನ್ನು ಕೇಳದೆ ಇನ್ನಾರನ್ನು ಕೇಳಬೇಕು? ಮಲ್ಲಯ್ಯ ಅತ್ತೆಗೆ ಅರ್ಜಿ ಕೊಡುವ ಸಾಹೇಬ ಆಗಿರಲಿಲ್ಲ, ಅಳಿಯ ಆಗಿದ್ದ. ಅಳಿಯನ ಜೊತೆ ಲೆಕ್ಕ ಇರುವುದಿಲ್ಲ. ಬೇಸರ ಇರುತ್ತದೆ, ಅಳು ಇರುತ್ತದೆ, ಆದರೆ ಹೋಗಿ ಬರುವುದು ನಿಲ್ಲುವುದಿಲ್ಲ.

ಮೇಲೆ ಕೈಲಾಸ ದ್ವಾರ. ಅಲ್ಲಿ ಕಾಲಿಟ್ಟಾಗ ಹಲವರು ನೆಲಕ್ಕೆ ಬಿದ್ದು ಅತ್ತರು. ಹಾಟಕೇಶ್ವರ ದಾಟಿ ಸಾಕ್ಷಿ ಗಣಪತಿಯ ಹತ್ತಿರ ಬಂದೆವು. ಕೈಯಲ್ಲಿ ಲೇಖನಿ, ಪುಸ್ತಕ ಹಿಡಿದ ಗಣಪ. ಶ್ರೀಶೈಲಕ್ಕೆ ಬಂದವರ ಹೆಸರು ಬರೆದುಕೊಳ್ಳುತ್ತಾನೆ ಅಂತ ನಂಬಿಕೆ. ಅತ್ತೆ ಅವನ ಮುಂದೆ ಸೆರಗಿನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ಸಿಂಧನೂರಿನ ಕಳೆ ಕೀಳುವ ಹೆಂಗಸು. ಆದವಾನಿಯ ಸಾಬರು. ಬಿಸಿನೀರಿನ ಅಕ್ಕ. ಜೊನ್ನ ರೊಟ್ಟೆಯ ಊರು. ಮರಗಾಲಿನ ಹುಡುಗನ ತಂಗಿ. ಅವಳಿಗೂ ಒಂದು ಗಂಟು ಹಾಕಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಶ್ರೀಶೈಲ

ಯುಗಾದಿಗೆ ಇನ್ನೂ ಎರಡು ದಿನ. ಊರಿನ ತುಂಬ ಕನ್ನಡ. ಎಲ್ಲಿ ನೋಡಿದರೂ ಕಂಬಿ, ಇಳಕಲ್ ಸೀರೆ, ರೊಟ್ಟಿ ಗಂಟು. ಸಾಲಿನಲ್ಲಿ ಆರು ತಾಸು ನಿಂತೆವು. ಮಲ್ಲಯ್ಯನ ಮುಂದೆ ನಿಲ್ಲಲು ಸಿಕ್ಕಿದ್ದು ಒಂದೇ ಕ್ಷಣ. ಚಿಕ್ಕ ಲಿಂಗ. ನಾನು ಏನನ್ನೂ ಕೇಳಲಿಲ್ಲ. "ಬಂದೀವಿ" ಅಂದೆ.

ಅಮ್ಮನವರ ಗುಡಿಯಲ್ಲಿ ಅತ್ತೆ ಸೀರೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಹಸಿರು ಬಳೆ ಒಂದೊಂದಾಗಿ ತೆಗೆದು ಅರ್ಚಕರ ತಟ್ಟೆಗೆ ಇಟ್ಟರು. ಹಿಂದಿನವರು ನೂಕುತ್ತಿದ್ದರು. ಅತ್ತೆ ಅವಸರ ಮಾಡಲಿಲ್ಲ. "ಚಲೋ ಅದಿಯೇನವ್ವಾ" ಅಂತ ಕೇಳಿದರು. ಮಗಳನ್ನು ಕೇಳುವ ಹಾಗೆಯೇ. ಹೊರಗೆ ಬಂದ ಮೇಲೆ ಪ್ರಾಕಾರದ ಗೋಡೆಗೆ ಒರಗಿ ಅತ್ತರು. ನಾನು ಧಾರವಾಡಕ್ಕೆ ಫೋನ್ ಮಾಡಿ ಮಗಳಿಗೆ "ಚಲೋ ಅದಿ?" ಅಂತ ಕೇಳಿದೆ. ಬೇರೆ ಏನನ್ನೂ ಮಾತಾಡಲಿಲ್ಲ.

ಅಮಾವಾಸ್ಯೆಯ ರಾತ್ರಿ ವೀರಾಚಾರ, ಅಗ್ನಿಗುಂಡ ನೋಡಿದೆವು. ಯುಗಾದಿಯ ದಿನ ಪಾತಾಳಗಂಗೆಗೆ ಇಳಿದೆವು. ಕೃಷ್ಣೆಗೇ ಅಲ್ಲಿ ಪಾತಾಳಗಂಗೆ ಅನ್ನುತ್ತಾರೆ. ಆಲಮಟ್ಟಿ, ನಾರಾಯಣಪುರ, ಜುರಾಲಾ ಅಣೆಕಟ್ಟು ದಾಟಿ, ಭೀಮೆ ತುಂಗಭದ್ರೆಯರನ್ನು ಕೂಡಿಕೊಂಡು ಇಲ್ಲಿಗೆ ಬಂದ ನೀರು. ನಮ್ಮ ಹಳೇ ಊರಿನ ಮೇಲೆ ನಿಂತು ಬಂದ ನೀರು. ಅತ್ತೆ ಮೂರು ಸಲ ಮುಳುಗಿ ಎದ್ದು, ಒಂದು ಲೀಟರ್ ಬಾಟಲಿ ತುಂಬಿಕೊಂಡರು.

ಊರಿಗೆ ಬಸ್ಸಿನಲ್ಲಿ ಬಂದೆವು. ಹದಿನಾರು ದಿನದ ದಾರಿ ಒಂದು ರಾತ್ರಿಯಲ್ಲಿ ಮುಗಿಯಿತು.

ಈಗ ಇದನ್ನು ಬರೆಯುವ ಹೊತ್ತಿಗೆ ಒಂದು ಬದಲಾವಣೆ ಆಗಿದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ದರ ತೀರ್ಮಾನಿಸಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ. ದರ ಗೊತ್ತಾಯಿತು, ದಿನ ಇನ್ನೂ ಗೊತ್ತಿಲ್ಲ. ಮನೆಯಲ್ಲಿ ಮಾತು ನಡೆದೇ ಇದೆ. ಭಯ ಹೋಗಿಲ್ಲ. ನಿದ್ದೆ ಮಾತ್ರ ಬರುತ್ತದೆ.

ಆದರೆ ನಾನು ಹೇಳಬೇಕಾದದ್ದು ಏಪ್ರಿಲ್ ಕೊನೆಯ ಮಾತು. ಹಿನ್ನೀರು ಇಳಿದು ಹಳೇ ಊರಿನ ದಿಬ್ಬ ತೇಲಿತ್ತು. ಪ್ರತಿ ಬೇಸಿಗೆ ಅತ್ತೆ ಅಲ್ಲಿಗೆ ಒಬ್ಬರೇ ಹೋಗಿಬರುತ್ತಿದ್ದರು. ಈ ಸಲ ನಾನೂ ಹೋದೆ. ಒಡೆದ ಕೆಸರಿನ ಮೇಲೆ ನಡೆದು ಹೋಗಿ, ಅವರು ಒಂದು ಕಡೆ ನಿಂತರು. ಕಾಲಿನಿಂದ ಕೆಸರು ಸರಿಸಿದರು. ಹೊಸ್ತಿಲಿನ ಕಲ್ಲು. ಬಾಟಲಿಯ ಪಾತಾಳಗಂಗೆಯನ್ನು ಅದರ ಮೇಲೆ ಸುರಿದು ತೊಳೆದು, ಅರಿಷಿಣ ಕುಂಕುಮ ಹಚ್ಚಿದರು. "ಇಲ್ಲಿ ಕೂಡು. ಇದು ಪಡಸಾಲಿ" ಅಂದರು. ನಾನು ಕೂತೆ. ಬುತ್ತಿ ಬಿಚ್ಚಿ ಇಬ್ಬರೂ ರೊಟ್ಟಿ ತಿಂದೆವು. ಉಪ್ಪಿನಕಾಯಿ ಬೇಕು ಅಂದೆ. ಅತ್ತೆ ಎಡಗಡೆಯ ಮೂಲೆಗೆ ಕೈ ತೋರಿಸಿದರು.